ಕುಡಿಯದೆ ಕುಣಿದವರ ಮರ್ಯಾದೆ

ಅಕ್ಕಿಆಲೂರಿನ ನಮ್ಮ ಸ್ವಿಂಗ್ ಡ್ಯಾನ್ಸ್ ಕ್ಲಬ್ಬಿನಲ್ಲಿ ನಾನೂ ನನ್ನವರೂ ಕೈ ಹಿಡಿದು ಗಿರಕಿ ಹೊಡೆಯುತ್ತಿದ್ದಾಗ ಭಾವ, ನನ್ನವರ ಅಣ್ಣ, ಬಾಗಿಲಿಗೆ ಬಂದು ನಿಂತರು. ಕುಡಿದವರನ್ನು ಒಳಗೆ ಬಿಡುವುದಿಲ್ಲವೆಂಬುದು ಅಲ್ಲಿಯ ನಿಯಮ. ಅವರು ಕುಡಿದಿದ್ದರು.

“ಗಂಡ ಹೆಂಡ್ತಿ ಮಂದಿ ಮುಂದ ಕುಣಿಯಾಕತ್ತೀರಿ, ಮನೆತನದ ಮರ್ಯಾದಿ ಏನಾತು?” ಎಂದು ಹೊಸ್ತಿಲಿನಿಂದಲೇ ಗದರಿದರು.

ಯಾರೋ ಹಾಡು ನಿಲ್ಲಿಸಿದರು. ಅಣ್ಣನಿಗೆ ಎಂದೂ ಎದುರಾಡದ ನನ್ನವರು ಈಗ ನನ್ನ ಕೈ ಬಿಡುತ್ತಾರೆಂದುಕೊಂಡೆ. ಬಿಡಲಿಲ್ಲ.

“ಅಣ್ಣಾ, ನಮ್ಮ ಲಗ್ನದಾಗ ನೀ ಕುಡದು ಕುಣದಾಗ ಯಾರೂ ಮರ್ಯಾದಿ ಕೇಳಲಿಲ್ಲ. ನಾವು ಕುಡೀಲಾರ್ದ ಕುಣಿಯಾಕತ್ತೇವಿ. ಮುಗಿಸಿಕೊಂಡ ಬರ್ತೇವಿ” ಎಂದವರೇ ಮತ್ತೆ ಹಾಡು ಹಚ್ಚಿಸಿದರು.

ಅಂದಿನಿಂದ ಭಾವ ನಮ್ಮೊಂದಿಗೆ ಮಾತು ಬಿಟ್ಟಿದ್ದಾರೆ. ನಾವು ಶನಿವಾರದ ಕುಣಿತ ಬಿಟ್ಟಿಲ್ಲ. ಕಳೆದ ವಾರ ಕ್ಲಬ್ಬಿಗೆ ಹೋದರೆ, ಭಾವನ ಹೆಂಡತಿ ಸೆರಗು ಸಿಕ್ಕಿಸಿಕೊಂಡು ನಮಗಿಂತ ಮೊದಲೇ ಬಂದು ನಿಂತಿದ್ದರು.