‘ನಂದು’ ಎಂದು ಕೂಗಿದ ಮೇಲೆ

ಅವರಿಬ್ಬರನ್ನು ಸೇರಿಸಿದ್ದು ಒಂದು ಸೊಟ್ಟ ನಂಬರು. ಅವಳು ಆಗ ಸ್ಟೇಡಿಯಂ ಹಿಂದಿನ ಟೈಲರಿಂಗ್ ಅಂಗಡಿಯಲ್ಲಿ ಜರ್ಸಿಗಳ ಬೆನ್ನಿಗೆ ನಂಬರು ಹೊಲಿಯುತ್ತಿದ್ದಳು. ಉದ್ದನೆಯ ಆಳೊಬ್ಬ ಬಂದು, ತನ್ನ ಐದು ಸೊಟ್ಟಗಿದೆ ಎಂದು ತಕರಾರು ತೆಗೆದ. ಸೊಟ್ಟಗಿರುವುದು ನಂಬರಲ್ಲ, ನಿಮ್ಮ ಬೆನ್ನು ಎಂದಳು ಅವಳು. ಮೂರನೇ ಸಲ ಅದೇ ಜರ್ಸಿ ಹಿಡಿದುಕೊಂಡು ಬಂದಾಗ ಅಂಗಡಿಯ ಯಜಮಾನನಿಗೂ ವಿಷಯ ಅರ್ಥವಾಯಿತು.

ಆತ ಕ್ಲಬ್ಬಿನ ಡಿಫೆಂಡರ್, ಸಂಬಳಕ್ಕೆ ಫುಟ್‌ಬಾಲ್ ಆಡುವವನು. ಹದಿನೈದನೇ ವಯಸ್ಸಿನಲ್ಲಿ ತಾರಸಿಯ ಕಬ್ಬಿಣದ ಕೊಂಡಿಗೆ ಹಗ್ಗದಿಂದ ಚೆಂಡು ಕಟ್ಟಿ, ದಿನಕ್ಕೆ ಇನ್ನೂರು ಸಲ ಹಣೆಯಿಂದ ಗುದ್ದಿ ಕಲಿತವನು. ಮಳೆಯಲ್ಲಿ ನೆನೆದ ಚೆಂಡು ಕಲ್ಲಿನಷ್ಟು ಭಾರವಾಗುತ್ತಿತ್ತಂತೆ, ಆದರೂ ಬಿಡುತ್ತಿರಲಿಲ್ಲವಂತೆ. ಇವನ ತಲೆ ಓಡುತ್ತದೋ ಇಲ್ಲವೋ ಗೊತ್ತಿಲ್ಲ, ಹಾರುವುದಂತೂ ಹಾರುತ್ತದೆ ಎಂದು ಕೋಚ್ ತಮಾಷೆ ಮಾಡುತ್ತಿದ್ದ. ಊರೆಲ್ಲ ಅವನನ್ನು ಸುತ್ತಿಗೆ ಎಂದು ಕರೆಯಿತು. ಮದುವೆಯಾದ ಮೇಲೆ ಅಕ್ಕಪಕ್ಕದ ಹೆಂಗಸರು ಅವಳನ್ನು ಮೊಳೆ ಎಂದರು. ಅವಳೂ ನಕ್ಕು ಸುಮ್ಮನಾದಳು.

ಹೊರಗಿನವರಿಗೆ ಕಾಣುವುದು ತೊಂಬತ್ತು ನಿಮಿಷದ ಆಟ. ಅವಳು ಕಂಡದ್ದು ಉಳಿದದ್ದನ್ನು. ಬಚ್ಚಲಲ್ಲಿ ಐಸ್ ತುಂಬಿದ ಬಕೆಟ್ಟು, ಅದರಲ್ಲಿ ಮುಳುಗಿದ ಊದಿದ ಪಾದ, ಮನೆ ತುಂಬ ನೋವಿನೆಣ್ಣೆಯ ವಾಸನೆ, ಹುಬ್ಬಿನ ಮೇಲೆ ಹೊಲಿಗೆಯ ಮೇಲೆ ಹೊಲಿಗೆ. ಆ ಡಾಕ್ಟರಿಗಿಂತ ನಾನೇ ನೀಟಾಗಿ ಹೊಲಿಯುತ್ತಿದ್ದೆ ಎಂದು ಅವಳು ಬೈಯುತ್ತಿದ್ದಳು. ಗೋಲು ಹೊಡೆದವನ ಹೆಸರು ಪೇಪರಿನಲ್ಲಿ ಬರುತ್ತದೆ, ತಡೆದವನದು ಬರುವುದು ತಪ್ಪು ಮಾಡಿದಾಗ ಮಾತ್ರ. ಹದಿನಾಲ್ಕು ವರ್ಷ ಆಡಿದವನ ಪೇಪರ್ ಕಟಿಂಗುಗಳು ಒಂದು ಬಿಸ್ಕತ್ತು ಡಬ್ಬಿಯನ್ನೂ ತುಂಬಲಿಲ್ಲ.

ಅವಳ ತಮ್ಮ ಅದೇ ಕ್ಲಬ್ಬಿಗೆ ಗೋಲ್‌ಕೀಪರ್ ಆಗಿ ಬಂದಾಗ ಅವನಿಗಿನ್ನೂ ಇಪ್ಪತ್ತು. ಬಾವ ಎಂದರೆ ಅವನಿಗೆ ಪ್ರಾಣ. ಮೈದಾನದಲ್ಲಿ ಅವರದೊಂದು ಕಟ್ಟುನಿಟ್ಟಿನ ನಿಯಮವಿತ್ತು. ಎತ್ತರದಲ್ಲಿ ಬರುವ ಚೆಂಡಿಗೆ ಯಾರು ಮೊದಲು ‘ನಂದು’ ಎಂದು ಕೂಗುತ್ತಾರೋ ಚೆಂಡು ಅವರದು. ಉಳಿದವರು ಹಾರದೆ ಪಕ್ಕಕ್ಕೆ ಸರಿಯಬೇಕು. ಆ ಮಾತು ಮನೆಗೂ ಬಂತು. ಕೊನೆಯ ತುತ್ತು, ಬೆಳಗಿನ ಪೇಪರು, ಕಿಟಕಿ ಪಕ್ಕದ ಬೆತ್ತದ ಕುರ್ಚಿ, ಯಾವುದಕ್ಕೂ ಜಗಳವಿಲ್ಲ. ಮೊದಲು ‘ನಂದು’ ಎಂದವನದು. ಅವಳು ಬಡಿಸುತ್ತ ಇಬ್ಬರಿಗೂ ಸೌಟು ತೋರಿಸುತ್ತಿದ್ದಳು.

ಗಂಡನಿಗೆ ಮೂವತ್ತೊಂದಾದ ವರ್ಷ ಕ್ಲಬ್ಬಿಗೆ ಹೊಸ ಕೋಚ್ ಬಂದ. ಸುತ್ತಿಗೆ ಈಗ ಮೊದಲಿನ ಹಾಗೆ ಹಾರುತ್ತಿಲ್ಲ ಎಂಬ ಮಾತು ಕಿವಿಯಿಂದ ಕಿವಿಗೆ ಹೋಗಿ ಇವನ ಕಿವಿಗೂ ಬಿತ್ತು. ಕರಾರು ಆ ತಿಂಗಳಿಗೆ ಮುಗಿಯುವುದಿತ್ತು. ಕೊನೆಯ ಪಂದ್ಯ ಮುಗಿಯಲು ಹತ್ತು ನಿಮಿಷ ಇರುವಾಗ ಎದುರಾಳಿಗಳಿಗೆ ಕಾರ್ನರ್ ಸಿಕ್ಕಿತು. ಮೂಲೆಯಿಂದ ಒದ್ದ ಚೆಂಡು ಗೋಲಿನ ಮುಂದೆ ತೇಲಿ ಬಂತು. ತಮ್ಮ ಮುಂದಕ್ಕೆ ನುಗ್ಗಿದ, ಬಾವ ಹಾರಿದ. ಚೆಂಡು ಅಡ್ಡಪಟ್ಟಿಯ ಮೇಲಿಂದ ಹೊರಗೆ ಹೋಯಿತು. ಬಾವನ ಹಣೆ ಹೋಗಿ ಬಡಿದದ್ದು ತಮ್ಮನ ಎಡಗಣ್ಣಿನ ಮೂಳೆಗೆ.

ಕಣ್ಣು ಉಳಿಯಲಿಲ್ಲ. ಪಂದ್ಯ ಗೆದ್ದರು. ಬಾವನ ಕರಾರು ಎರಡು ವರ್ಷ ಮುಂದುವರಿಯಿತು.

ಆಸ್ಪತ್ರೆಯ ಮಂಚದ ಕಾಲ ಬಳಿ ನಿಂತು, ಜನರ ಗಲಾಟೆಯಲ್ಲಿ ನೀನು ಕೂಗಿದ್ದು ಕೇಳಿಸಲೇ ಇಲ್ಲ ಎಂದ ಗಂಡ. ತಮ್ಮ ನಂಬಿದ. ನಂಬಿದ್ದಷ್ಟೇ ಅಲ್ಲ, ತಪ್ಪನ್ನೆಲ್ಲ ತನ್ನ ಗಂಟಲಿನ ಮೇಲೆ ಹಾಕಿಕೊಂಡ. ಮುಂದೆ ಅವನಿಗೆ ಬಸ್ ಡಿಪೋದ ಪಾರ್ಸೆಲ್ ಕೌಂಟರಿನಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಎದುರಿಗೆ ನಿಂತವರ ಜೊತೆಗೂ ಕೂಗಿ ಕೂಗಿ ಮಾತಾಡುತ್ತಿದ್ದ. ನಾವೇನು ಕಿವುಡರೇ ಮಾರಾಯ ಎಂದು ಜನ ರೇಗಿಸುತ್ತಿದ್ದರು. ಯಾಕೆ ಹಾಗೆ ಕೂಗುತ್ತಾನೆಂದು ಅಕ್ಕನಿಗೆ ಗೊತ್ತಿತ್ತು. ಆ ಮನೆಯಲ್ಲಿ ‘ನಂದು’ ಎಂಬ ಮಾತು ಮತ್ತೆ ಯಾರ ಬಾಯಲ್ಲೂ ಬರಲಿಲ್ಲ.

ಗಂಡ ಆಟ ಬಿಟ್ಟು ಒಂಬತ್ತು ವರ್ಷವಾಗಿತ್ತು. ಕ್ಲಬ್ಬಿನ ಉಗ್ರಾಣದಲ್ಲಿ ಚೆಂಡುಗಳಿಗೆ ಗಾಳಿ ತುಂಬುವುದು, ಬೂಟುಗಳ ಲೆಕ್ಕ ಇಡುವುದು ಈಗ ಅವನ ಕೆಲಸವಾಗಿತ್ತು. ಒಂದು ಮಧ್ಯಾಹ್ನ ಅವಳು ಮನೆಯ ಮೆಟ್ಟಿಲ ಮೇಲೆ ಕೂತು ಅಂಗಿಗೆ ಗುಂಡಿ ಹಾಕುತ್ತಿದ್ದಾಗ ಅವನು ಬಂದು ಪಕ್ಕದಲ್ಲಿ ಕೂತ.

“ಆವತ್ತು ಅವನು ಕೂಗಿದ್ದು ನಂಗೆ ಕೇಳಿಸಿತ್ತು,” ಅಂದ. “ಚೆನ್ನಾಗೇ ಕೇಳಿಸಿತ್ತು. ಕೋಚು ನೋಡ್ಲಿ ಅಂತ ಹಾರಿದೆ.”

ಅವಳು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಎದ್ದು ಒಳಗೆ ಹೋದಳು. ಒಂದು ವಾರ ಅವನ ಜೊತೆ ಮಾತಿಲ್ಲ, ತಟ್ಟೆ ಕುಕ್ಕುವುದೊಂದೇ. ಎಂಟನೇ ದಿನ ಹೇಳಿದಳು, “ನಾನು ಹೇಳಲ್ಲ. ನೀವು ಮಾಡಿದ್ದು, ನಿಮ್ಮ ಬಾಯಿಂದಾನೇ ಅವನಿಗೆ ಗೊತ್ತಾಗ್ಬೇಕು.”

ಅದೇ ಅವಳು ಮಾಡಿದ ತಪ್ಪು. ಆಗ ಅದು ತಪ್ಪೆಂದು ಯಾರಿಗೂ ಅನಿಸುವಂತಿರಲಿಲ್ಲ, ನ್ಯಾಯವೇ ಅನಿಸಿತ್ತು. ಆಗಲಿ ಎಂದು ಅವನೂ ತಲೆಯಾಡಿಸಿದ. ತಮ್ಮನಿಗೆ ಹೆಣ್ಣು ನೋಡುತ್ತಿದ್ದಾರೆ, ಮದುವೆ ಆಗಲಿ ಎಂದ. ಮಗು ಹುಟ್ಟಲಿ ಎಂದ. ಮಗುವಿಗೆ ಜ್ವರ, ಈಗ ಬೇಡ ಎಂದ. ಪ್ರತಿ ಭಾನುವಾರ ತಮ್ಮ ಊಟಕ್ಕೆ ಬರುತ್ತಿದ್ದ, ಪ್ರತಿ ಭಾನುವಾರ ಅವಳು ಗಂಡನ ಮುಖ ನೋಡುತ್ತಿದ್ದಳು, ಅವನು ತಟ್ಟೆ ನೋಡುತ್ತಿದ್ದ. ಹೇಡಿ ಎಂದು ಅವಳು ಮನಸ್ಸಿನಲ್ಲೇ ಅಂದುಕೊಂಡ ದಿನಗಳಿಗೆ ಲೆಕ್ಕವಿಲ್ಲ.

ಹೀಗೆ ವರ್ಷಗಳು ಹೋದವು. ಆಮೇಲೆ ಮರೆವು ಶುರುವಾಯಿತು. ಮೊದಲು ಬೀಗದ ಕೈ, ಆಮೇಲೆ ಒಲೆಯ ಮೇಲಿನ ಹಾಲು, ಆಮೇಲೆ ಉಗ್ರಾಣದಿಂದ ಮನೆಗೆ ಬರುವ ದಾರಿ. ಎಷ್ಟು ವರ್ಷ ಚೆಂಡನ್ನು ತಲೆಯಿಂದ ಹೊಡೆದಿರಿ ಎಂದು ಡಾಕ್ಟರು ಕೇಳಿದರು. ಅವನು ಬೆರಳು ಮಡಚುತ್ತ ಹೋದ, ನಡುವೆ ಲೆಕ್ಕ ತಪ್ಪಿ ಅವಳತ್ತ ತಿರುಗಿದ. ಇದು ವಾಸಿಯಾಗುವುದಲ್ಲ ಎಂದು ಡಾಕ್ಟರು ಅವಳಿಗೊಬ್ಬಳಿಗೇ ಹೇಳಿದರು.

ಒಂದು ದಿನ ಬಟ್ಟೆ ಒಗೆಯಲು ಜೇಬು ತಡವಿದಾಗ ಚೀಟಿಯೊಂದು ಸಿಕ್ಕಿತು. ಅವನದೇ ಕೈಬರಹ: ‘ಅವನಿಗೆ ಹೇಳಬೇಕು.’ ಮರೆತುಹೋದೀತೆಂದು ಪಾಪದವನು ಬರೆದಿಟ್ಟುಕೊಂಡಿದ್ದ. ಚೀಟಿ ಹಿಡಿದು ಹೋಗಿ ಅವನ ಮುಂದೆ ನಿಂತಳು. ಅವನು ಅದನ್ನು ಎರಡೆರಡು ಸಲ ಓದಿದ.

“ಯಾರಿಗೆ? ಏನು ಹೇಳ್ಬೇಕಂತೆ?” ಎಂದು ಅವಳನ್ನೇ ಕೇಳಿದ.

ಅವಳು ಚೀಟಿ ವಾಪಸು ತೆಗೆದುಕೊಂಡಳು. ಇನ್ನು ತಡ ಮಾಡಬಾರದು, ಬರುವ ಭಾನುವಾರ ತಾನೇ ಹೇಳಿಬಿಡುವುದು ಎಂದುಕೊಂಡಳು.

ಆದರೆ ಭಾನುವಾರ ತಮ್ಮನೇ ಮೊದಲು ಬಾಯಿ ಬಿಟ್ಟ. ಬಾವನಿಗೆ ನೆನಪು ಇರುವಾಗಲೇ ಕೇಳಿಬಿಡಬೇಕೆಂದು ಅವನೂ ಮನಸ್ಸು ಗಟ್ಟಿ ಮಾಡಿಕೊಂಡು ಬಂದಿದ್ದ. ಬೆತ್ತದ ಕುರ್ಚಿಯಲ್ಲಿ ಕೂತು, ಯಾವತ್ತೂ ಇಲ್ಲದ ಸಣ್ಣ ದನಿಯಲ್ಲಿ ಕೇಳಿದ, “ಬಾವ, ಆವತ್ತು ಕಾರ್ನರ್ ಬಂದಾಗ ನಾನು ತಡವಾಗಿ ಕೂಗಿದ್ನಾ?”

ಗಂಡ ಹಣೆ ಗಂಟಿಕ್ಕಿ ಯೋಚಿಸಿದ. ಮುಖದಲ್ಲಿ ಕಪಟದ ಒಂದು ಗೆರೆಯೂ ಇರಲಿಲ್ಲ. ಇಷ್ಟು ವರ್ಷದಲ್ಲಿ ಅಷ್ಟು ಚೊಕ್ಕವಾದ ಮುಖವನ್ನು ಅವಳು ನೋಡಿರಲಿಲ್ಲ.

“ನೀನು ಕೂಗ್ಲೇ ಇಲ್ವಲ್ಲೋ,” ಅಂದ.

ತಮ್ಮ ನಿಧಾನವಾಗಿ ತಲೆಯಾಡಿಸಿದ. ತನಗೂ ಒಮ್ಮೊಮ್ಮೆ ಹಾಗೇ ಅನುಮಾನ ಬರುತ್ತಿತ್ತು ಎಂದ.

“ಇಲ್ಲ ಕಣೋ,” ಎಂದಳು ಅವಳು. ಕೈಯಲ್ಲಿದ್ದ ಲೋಟ ಕೆಳಗಿಟ್ಟಳು. “ನೀನು ಕೂಗಿದ್ದೆ. ಇವ್ರಿಗೆ ಕೇಳಿಸಿತ್ತು. ಕೇಳಿಸಿಯೂ ಹಾರಿದ್ರು. ನನ್ನ ಹತ್ರ ಇವ್ರೇ ಹೇಳಿದಾರೆ.”

ತಮ್ಮ ಒಂಟಿಗಣ್ಣಿನಿಂದ ಅಕ್ಕನನ್ನು ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಮರುಕವಿತ್ತು.

“ಬಿಡಕ್ಕ,” ಅಂದ. “ನನ್ನ ಸಮಾಧಾನಕ್ಕೆ ಅಂತ ಪಾಪ ಇವ್ರ ಮೇಲೆ ಯಾಕೆ ಹಾಕ್ತೀಯ? ಈ ಸ್ಥಿತೀಲಿ ಇರೋರ ಮೇಲೆ?”

ಅವಳು ಚೀಟಿ ತಂದು ತೋರಿಸಿದಳು. ಹೇಳಬೇಕು ಎಂದಿತ್ತೇ ಹೊರತು ಏನು ಎಂದು ಅದರಲ್ಲಿರಲಿಲ್ಲ. ತಮ್ಮ ಅದನ್ನು ಮಡಚಿ ಅವಳ ಕೈಗೇ ಇಟ್ಟ.

ಗಂಡನಿಗೆ ಈ ಮಾತೆಲ್ಲ ಬೇಸರ ತರಿಸಿತ್ತು. ಎದ್ದು ಬಂದು ಬೆತ್ತದ ಕುರ್ಚಿಯ ತೋಳು ತಟ್ಟಿದ.

“ಏಳೋ, ನಂದು,” ಅಂದ.

ಇಪ್ಪತ್ತೆರಡು ವರ್ಷಗಳಿಂದ ಆ ಮನೆಯಲ್ಲಿ ಯಾರೂ ಆಡದ ಮಾತು. ತಮ್ಮ ಒಂದು ಕ್ಷಣ ಬಾವನ ಮುಖವನ್ನೇ ನೋಡಿದ. ಆಮೇಲೆ ನಿಯಮದಂತೆ ಎದ್ದು ಪಕ್ಕಕ್ಕೆ ನಿಂತ.