ರುಚಿ ನೋಡದೆ ಬೇಯಿಸುವ ಹಬ್ಬದೂಟ

ಮುಚ್ಚಳ ತೆಗೆದು ಅಸ್ನಾಕೆಚ್ ಪಾತ್ರೆಯ ಮೇಲೆ ಬಾಗುತ್ತಾರೆ. ಉಸಿರೆಳೆಯುತ್ತಾರೆ. ಇನ್ನೊಮ್ಮೆ ಎಳೆಯುತ್ತಾರೆ. ಏನೂ ಬರುವುದಿಲ್ಲ. ನೆಗಡಿ.

“ಇವತ್ತೇ ಕಟ್ಕೋಬೇಕಿತ್ತಾ ಈ ದರಿದ್ರ ಮೂಗು!” ಎಂದು ಶಾಲಿನ ತುದಿಯಿಂದ ಒರೆಸಿಕೊಳ್ಳುತ್ತಾರೆ.

ಬೈರೂತಿನ ದೌರಾ ಬಡಾವಣೆಯಲ್ಲಿ ಬೆಳಕು ಈಗಷ್ಟೇ ಹರಿಯುತ್ತಿದೆ. ನಾಳೆ ಗೆನ್ನಾ, ಇಥಿಯೋಪಿಯದವರ ಕ್ರಿಸ್‌ಮಸ್. ಪೂಜೆ ಮುಗಿಸಿ, ಉಪವಾಸ ಬಿಡಲು ಚರ್ಚಿನಿಂದ ನೇರ ಇವರ ಪುಟ್ಟ ಮನೆಗೆ ಮೂವತ್ತು ಹೆಣ್ಣುಮಕ್ಕಳು ಬರುತ್ತಾರೆ. ಎಲ್ಲರೂ ಯಾರದೋ ಮನೆಯ ನೆಲ ಒರೆಸುವವರು, ಯಾರದೋ ಮಗುವನ್ನು ಎತ್ತಿ ಆಡಿಸುವವರು. ಅವರಿಗೆ ಸಿಗುವುದು ಕೆಲವು ತಾಸಿನ ರಜೆ. ಅಷ್ಟರಲ್ಲಿ ಊರು ಸಿಗುವುದು ಈ ಕೋಳಿಸಾರಿನಲ್ಲಿ ಮಾತ್ರ. ಅದರ ರುಚಿ ಕೆಟ್ಟರೆ ಇನ್ನೊಂದು ವರ್ಷ ಕಾಯಬೇಕು.

ಕಚೇರಿಯೊಂದರ ಮೆಟ್ಟಿಲು ತೊಳೆಯುವ ಅಸ್ನಾಕೆಚ್, ಇಲ್ಲಿಗೆ ಬಂದ ಮೊದಲ ಗೆನ್ನಾದಂದು ಆಗ ಕೆಲಸಕ್ಕಿದ್ದ ಮನೆಯ ಬಾಲ್ಕನಿಯಲ್ಲಿ ನಿಂತು ತಣ್ಣನೆಯ ಅನ್ನ ತಿಂದವರು. “ಅವತ್ತು ಅತ್ತಿದ್ದೇ ಸಾಕಾಯ್ತು. ಮುಂದಿನ ವರ್ಷ ಮೂರು ಜನಕ್ಕೆ ಮಾಡ್ದೆ. ಒಬ್ಬೊಬ್ಬಳೂ ಇನ್ನೊಬ್ಬಳನ್ನ ಕರ್ಕೊಂಡು ಬಂದ್ಳು,” ಎನ್ನುತ್ತಾರೆ.

ಗೆನ್ನಾಕ್ಕೆ ಮುಂಚಿನ ವಾರಗಟ್ಟಲೆ ಉಪವಾಸದಲ್ಲಿ ಮಾಂಸ, ಬೆಣ್ಣೆ ನಾಲಿಗೆಗೆ ತಾಗುವಂತಿಲ್ಲ. ಹಾಗಾಗಿ ಹಬ್ಬದ ಸಾರನ್ನು ಇವರು ರುಚಿ ನೋಡಿ ಮಾಡಿದ್ದೇ ಇಲ್ಲ. “ಉಪ್ಪನ್ನೂ ಮೂಸಿ ಹೇಳ್ತೀನಿ” ಎಂಬುದು ಇವರ ಜಂಬ. ಈ ವರ್ಷ ಮೂಗು ಮುಷ್ಕರ ಹೂಡಿದೆ. ರುಚಿ ನೋಡಲು ಕರೆಯೋಣವೆಂದರೆ ಗೆಳತಿಯರಿಗೆಲ್ಲ ಉಪವಾಸ.

ಪಕ್ಕದ ಕೋಣೆಯ ಜಮ್‌ಜಮ್‌ಗೆ ಮಾತ್ರ ಉಪವಾಸವಿಲ್ಲ. ಅಸ್ನಾಕೆಚ್ ಊರಿನದೇ ಹುಡುಗಿ, ಮುಸಲ್ಮಾನಳು. ಆದರೆ ಕ್ರೈಸ್ತರು ಕೊಯ್ದ ಕೋಳಿಯನ್ನು ಮುಸಲ್ಮಾನರು ತಿನ್ನುವುದಿಲ್ಲ, ಮುಸಲ್ಮಾನರು ಕೊಯ್ದದ್ದನ್ನು ಕ್ರೈಸ್ತರೂ ತಿನ್ನುವುದಿಲ್ಲ.

ನಿಂಬೆಹಣ್ಣು ತಿಕ್ಕಿ ತೊಳೆದಿಟ್ಟ ಕೋಳಿಯನ್ನೂ ಕುದಿಯುವ ಪಾತ್ರೆಯನ್ನೂ ಒಂದೆರಡು ಸಲ ನೋಡಿದ ಅಸ್ನಾಕೆಚ್, ಗೋಡೆ ಬಡಿಯುತ್ತಾರೆ.

“ಜಮ್‌ಜಮ್, ಓಡಿ ಬಾರೇ! ಕೋಳಿ ಇನ್ನೂ ಹಾಕಿಲ್ಲ. ಬರೀ ಈರುಳ್ಳಿ, ಖಾರ, ಬೆಣ್ಣೆ!”

ಜಮ್‌ಜಮ್ ಕಣ್ಣುಜ್ಜಿಕೊಂಡು ಬರುತ್ತಾಳೆ. “ನಿಮ್ ಹಬ್ಬಕ್ಕೆ ನನ್ ನಾಲಿಗೆ ಬೇಕಾಯ್ತಾ ಅಕ್ಕಾ?”

“ಬಾಯ್ಮುಚ್ಕೊಂಡು ನೋಡು.”

“ಮುಚ್ಕೊಂಡ್ರೆ ನೆಕ್ಕೋದು ಹೆಂಗೆ?”

ಅಂಗೈಗೆ ಬಿದ್ದ ತೊಟ್ಟನ್ನು ನೆಕ್ಕುತ್ತಾಳೆ. ಉಪ್ಪು ಸಾಲದು. ಅಸ್ನಾಕೆಚ್ ಚಿಟಿಕೆ ಹಾಕುತ್ತಾರೆ. ಮತ್ತೆ ನೆಕ್ಕುತ್ತಾಳೆ. ಇನ್ನೊಂದು ಚೂರು. ಮೂರನೆಯ ಸಲ ನೆಕ್ಕಿ, ಪಾತ್ರೆಯೊಳಗೆ ಇಣುಕುತ್ತಾಳೆ.

“ಏನೇ? ಕೆಟ್ಟೋಯ್ತಾ?”

“ಈದ್‌ಗೆ ನಮ್ಮಮ್ಮ ಮಾಡೋದು ಥೇಟ್ ಹಿಂಗೇ.” ಅವಳು ಚಮಚ ತುಂಬಿಸಿ ಅಸ್ನಾಕೆಚ್ ಬಾಯಿಯ ಹತ್ತಿರ ಹಿಡಿಯುತ್ತಾಳೆ. “ನೀನೂ ಒಂದ್ ತೊಟ್ಟು ನೋಡಕ್ಕಾ. ಇಲ್ಲಿ ನಾನೊಬ್ಳೇ ಇರೋದು.”

“ಬೇಡ. ನಾಳೆ ಎಲ್ಲರ ಬಾಯಿಗೂ ತುತ್ತಿಟ್ಟ ಮೇಲೇ ನಂದು.”