ಕೊಡಗಿನ ಚೌಕಳಿಯಲ್ಲಿ ಒಂದು ಕಂದು ಎಳೆ

ಭಾನುವಾರ, ಬೆಳಿಗ್ಗೆ ಹತ್ತು ಗಂಟೆ, ಕುಶಾಲನಗರದ ನಮ್ಮ ಮನೆಯ ಜಗಲಿ. ಹಾಜರಿದ್ದವರು ನಾನು, ನನ್ನ ತಮ್ಮ ನಂಜುಂಡ ಮತ್ತು ಹತ್ತೂವರೆಗೆ ಬರುತ್ತೇನೆಂದು ಹೇಳಿ ಹತ್ತಕ್ಕೇ ಬಂದ ದೇಚಮ್ಮ. ನನ್ನ ಹಳೆಯ ವಿದ್ಯಾರ್ಥಿನಿ. ಬೆಳಗಿನ ಪ್ರಾರ್ಥನೆಗೆ ಒಂದು ದಿನವೂ ಸಮಯಕ್ಕೆ ಬಂದವಳಲ್ಲ. ಅಂಥವಳು ಹೊತ್ತಿಗೆ ಮೊದಲೇ ಬಂದರೆ ಅನುಮಾನ ಬಾರದೆ ಇರುತ್ತದೆಯೇ?

ಚೀಲದಿಂದ ಕರವಸ್ತ್ರದಷ್ಟಗಲದ ನೇಯ್ದ ತುಂಡೊಂದನ್ನು ತೆಗೆದಳು. ಕೊಡಗಿಗೆಂದೇ ಅವಳು ರೂಪಿಸಿದ ಟಾರ್ಟನ್ ಅಂತೆ. ಹೆಸರು ದೊಡ್ಡದು, ನೋಡಿದರೆ ಚೌಕಳಿ ಬಟ್ಟೆ. ಕೆಲಸದಲ್ಲಿದ್ದಷ್ಟು ಕಾಲವೂ ಚೌಕಳಿ ಯೂನಿಫಾರಂಗೆ ಇಸ್ತ್ರಿ ಬಿದ್ದಿದೆಯೇ ಎಂದು ನೋಡುತ್ತ ಬಂದ ನನಗೆ ಅದರಲ್ಲಿ ಹೊಸತೇನೂ ಕಾಣಲಿಲ್ಲ.

ಸ್ಕಾಟ್ಲೆಂಡಿನಲ್ಲಿ ಮನೆತನಕ್ಕೊಂದು ಚೌಕಳಿ ಇರುತ್ತದೆ. ಬಟ್ಟೆ ನೋಡಿಯೇ ಇಂಥ ಮನೆಯವನು ಎನ್ನಬಹುದು ಎಂದು ಓದಿದ್ದೇನೆ. ನನಗೆ ಹಿಡಿಸದ್ದು ಅದೇ. ನಮ್ಮಲ್ಲಿ ಬಟ್ಟೆಯ ನೆರವಿಲ್ಲದೆಯೇ ಆ ವಿಚಾರಣೆ ನಡೆಯುತ್ತದೆ. ಕೊಡಗಿನವಳು ಎಂದ ಕೂಡಲೇ "ಮನೆಹೆಸರೇನು?" ಎನ್ನುತ್ತಾರೆ. ನಮ್ಮಜ್ಜ ಹಾಸನದ ಕಡೆಯಿಂದ ಬಂದು ಇಲ್ಲಿ ಗದ್ದೆ ಮಾಡಿದವರು. ನನ್ನ ಹೆಸರಿನ ಮುಂದೆ ಇರುವುದು ಅಪ್ಪನ ಹೆಸರಿನ ಒಂದಕ್ಷರ, ಅಷ್ಟೆ. ಇಲ್ಲೇ ಹುಟ್ಟಿ ಎಪ್ಪತ್ತು ದಾಟಿದ ಮೇಲೂ ಆ ಪ್ರಶ್ನೆಗೆ ತಡವರಿಸುತ್ತೇನೆ. ಈ ಬಟ್ಟೆಯೂ ಅದನ್ನೇ ಕೇಳಿದರೆ?

"ಕಡುಹಸಿರು ಕಾಫಿ ಗಿಡ, ಬಿಳಿ ಅದರ ಹೂವು," ದೇಚಮ್ಮ ಬೆರಳಿಟ್ಟು ತೋರಿಸಿದಳು. "ಕಪ್ಪು ನಮ್ಮೋರ ನಿಲುವಂಗಿ ಕುಪ್ಯ, ಕೆಂಪು ಸೊಂಟಕ್ಕೆ ಕಟ್ಟೋ ಚೇಲೆ. ಬೂದಿ ಬಣ್ಣ ಮಂಜು."

"ಮಂಜು ಯಾವತ್ತು ಹೀಗೆ ಗೆರೆ ಎಳ್ದಂಗೆ ನಿಂತಿತ್ತು?"

"ನಿಮ್ ಕ್ಲಾಸಲ್ಲಾದ್ರೆ ನಿಲ್ತಿತ್ತು ಟೀಚರ್."

ನಂಜುಂಡ ನಕ್ಕ. ನಾನು ತಿರುಗಿ ನೋಡಿದೆ. ನಗು ನಿಂತಿತು.

ಕುಟ್ಟದ ಅಂಗಡಿಯವರಿಂದ ಹಿಡಿದು ಪಾಲಿಬೆಟ್ಟದ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್‌ವರೆಗೆ ತೋರಿಸಿದವರೆಲ್ಲ "ನಮ್ದು ಯಾವ ಪಟ್ಟಿ? ಎಷ್ಟಗಲ?" ಎಂದು ಕೇಳಿದರಂತೆ. ಎಂಥ ಸಣ್ಣತನ ಎಂದು ನಕ್ಕೆ. ನಗುತ್ತಲೇ ಕನ್ನಡಕ ಏರಿಸಿ ನಮ್ಮದನ್ನು ಹುಡುಕಿದೆ. ಇರಲಿಲ್ಲ.

"ನಾಳೆ ಹಾಸಿನ ನೂಲು ಮಗ್ಗಕ್ಕೆ ಏರುತ್ತೆ. ಆಮೇಲೆ ಒಂದೆಳೆನೂ ಬದಲಾಯ್ಸಕ್ಕಾಗಲ್ಲ. ಸಂಜೆಯೊಳಗೆ ನೇಕಾರರಿಗೆ ಹೇಳ್ಬೇಕು, ತಪ್ಪಿದ್ರೆ ಈಗ್ಲೇ ಹೇಳ್ಬಿಡಿ."

ತಪ್ಪು ಹುಡುಕಲು ನನ್ನನ್ನು ಎರಡನೆಯ ಸಲ ಕೇಳಬೇಕಿಲ್ಲ. ಹಸಿರಿಗೂ ಬಿಳಿಗೂ ನಡುವೆ ಮಾಸಿದಂತಹ ಕಂದು ಎಳೆಯೊಂದು ಸಿಕ್ಕಿತು.

"ನೋಡು, ಕೆಂಪು ಬಣ್ಣ ಬಿಟ್ಟಿದೆ. ಒಗೆದ್ರೆ ಬಿಳಿ ಮೇಲೂ ಹರಿಯುತ್ತೆ. ಕಿತ್ತುಹಾಕು ಇದನ್ನ."

ನಂಜುಂಡ ಹೆಂಚು ಎಣಿಸತೊಡಗಿದ.

"ಅದು ರಾಗಿ, ಟೀಚರ್," ಎಂದಳು ದೇಚಮ್ಮ. "ನಿಮ್ಮೋರ್ದು. ಚಿಕ್ಕೋಳಿದ್ದಾಗ ನಿಮ್ಮನೇಲಿ ರೊಟ್ಟಿ ತಿಂದಿದ್ದು ಮರೆತಿಲ್ಲ ನಾನು. ಬಣ್ಣ ಹೊಂದಿಸಕ್ಕೆ ನಂಜುಂಡಣ್ಣ ಹಿಟ್ಟು ತಂದುಕೊಟ್ರು."

"ನಿನ್ನ ಕೇಳಿದ್ರೆ ಯಾಕೆ, ಏನು, ಎಷ್ಟು ಅಂತಿದ್ದೆ ಅಕ್ಕ," ಎಂದ ತಮ್ಮ.

ಹೋದ ವಾರ ಡಬ್ಬಿಯಲ್ಲಿ ಹಿಟ್ಟು ಇಳಿದದ್ದನ್ನು ಕಂಡು, ಇಲಿಯ ಕೆಲಸವೆಂದು ನಾನು ಅಡುಗೆಮನೆಯಲ್ಲಿ ಇಲಿಬೋನು ಇಟ್ಟಿದ್ದೆ.

"ಕೀಳ್ಸ್ಲಾ ಟೀಚರ್?"

ಇನ್ನೂ ಎರಡೆಳೆ ಸೇರಿಸು ಎನ್ನಲು ಬಾಯಿ ತೆರೆದೆ. ಕುಟ್ಟದ ಅಂಗಡಿಯವರನ್ನು ನೆನೆದು ಮುಚ್ಚಿದೆ. ಆದರೆ ಪರೀಕ್ಷೆಯಿಲ್ಲದೆ ಪಾಸು ಮಾಡುವುದು ನನ್ನ ಪದ್ಧತಿಯಲ್ಲ. ತುಂಡನ್ನು ಬಿಸಿನೀರಿಗೆ ಹಾಕಿ, ಬಾರ್ ಸೋಪು ಹಚ್ಚಿ, ಕಲ್ಲಿನ ಮೇಲೆ ಚೆನ್ನಾಗಿ ಉಜ್ಜಿದೆ. ನೀರು ತಿಳಿಯಾಗಿಯೇ ಇತ್ತು. ಮಧ್ಯಾಹ್ನವೆಲ್ಲ ತಂತಿಯ ಮೇಲೆ ಒಣಗಿದ ಮೇಲೆ ನೋಡಿದರೆ ಕಂದು ಪಕ್ಕದ ಬಿಳಿಗೆ ಹತ್ತಿರಲಿಲ್ಲ, ತಾನೂ ಮಂಕಾಗಿರಲಿಲ್ಲ.

"ಇರ್ಲಿ ಬಿಡು," ಎಂದೆ. ಅಷ್ಟು ಹೊತ್ತೂ ಕಾದಿದ್ದ ದೇಚಮ್ಮ ಅಲ್ಲೇ ನಿಂತು ನೇಕಾರರಿಗೆ ಫೋನು ಮಾಡಿದಳು.

ಅವಳು ಹೊರಟ ಮೇಲೆ ಮುದ್ದೆಗೆ ಎಸರಿಟ್ಟೆ. ಊಟವಾಯಿತು, ಪಾತ್ರೆ ಬೆಳಗಿ ಬೋರಲು ಹಾಕಿದ್ದಾಯಿತು. ಕಡೆಗೆ ಇಲಿಬೋನಿನ ಕೊಬ್ಬರಿ ಚೂರನ್ನು ಬಿಡಿಸಿ ಎಸೆದು, ಬೋನನ್ನು ತೊಳೆದು ಅಟ್ಟಕ್ಕೆ ಸೇರಿಸಿದೆ.